ಸೊಪ್ಪು ಗೊತ್ತಾಯ್ತು, ಹೊಲ ಗೊತ್ತಾ?

ಹೋದ ಶ್ರಾವಣದಲ್ಲಿ, ಕಾಲೇಜು ಹುಡುಗರಿಗೆ ಕಳೆಸೊಪ್ಪು ಗುರುತಿಸೋದನ್ನ ಕಲಿಸುವ ಒಂದು ದಿನದ ಶಿಬಿರಕ್ಕೆ ಹೋಗಿದ್ದೆ. ಬೆಂಗಳೂರಿನಿಂದ ಸ್ವಲ್ಪ ಆಚೆ. ಸೇರಿದ್ದು ಅಕ್ಕನ ಮಗ, ನಾನು ಅವನ ಡ್ರೈವರ್. ಶಿಬಿರ ಕೆಟ್ಟದಾಗಿತ್ತು ಅಂತ ಹೇಳೋಕೆ ಇದನ್ನ ಬರೀತಿಲ್ಲ. ಅಣ್ಣೆ, ಹೊನಗೊನೆ, ಗಣಿಕೆ, ಕೊಮ್ಮೆ, ಗೋಣಿ ಅಂತ 15 ಗಿಡ ತೋರಿಸಿದರು. ಒಂದೊಂದಕ್ಕೂ ಫೋಟೊ ಇರೋ ಕಾರ್ಡು, ಸಸ್ಯಶಾಸ್ತ್ರದ ಹೆಸರು, ಕಬ್ಬಿಣಾಂಶದ ಲೆಕ್ಕ. ಮಧ್ಯಾಹ್ನ ಮುದ್ದೆ, ಬೆರಕೆಸೊಪ್ಪಿನ ಮಸ್ಸೊಪ್ಪು. ಪಿಜ್ಜಾ ತಿನ್ನೋ ಹುಡುಗರು ಎರಡನೇ ಸಲ ಬಡಿಸಿಕೊಂಡರು. ಅಷ್ಟರಮಟ್ಟಿಗೆ ಶಿಬಿರದೋರು ಗೆದ್ದರು.

ನನ್ನ ತಕರಾರು ಆ ಕಾರ್ಡುಗಳ ಮೇಲೆ. ಅಣ್ಣೆಸೊಪ್ಪಿನ ಕಾರ್ಡಿನಲ್ಲಿ ಬಿಳಿ-ಗುಲಾಬಿ ತೆನೆ ಬಂದ ಗಿಡ. ನೋಡೋಕೆ ಚೆಂದ, ಗುರುತಿಗೂ ಸುಲಭ. ಆದರೆ ತೆನೆ ಬಂದ ಅಣ್ಣೆಸೊಪ್ಪನ್ನ ನಮ್ಮೂರಲ್ಲಿ ಯಾರೂ ಸಾರಿಗೆ ಕೀಳಲ್ಲ, ಬಲಿತು ನಾರಾಗಿರುತ್ತೆ. ಕೀಳೋದು ಎಳೆಯದಿರುವಾಗ, ಆಗ ಹೂವೇ ಇರಲ್ಲ. ಗಣಿಕೆಯ ಕಪ್ಪು ಹಣ್ಣು ತಿನ್ನಬಹುದು ಅಂತಿತ್ತು. ಹಸಿರು ಕಾಯಿ ತಿನ್ನಬಾರದು, ಅದರಲ್ಲಿ ವಿಷದ ಅಂಶ ಇರುತ್ತೆ ಅನ್ನೋದು ಕಾರ್ಡಿನ ಎರಡೂ ಬದಿಯಲ್ಲಿರಲಿಲ್ಲ.

ಇದೆಲ್ಲ ತಿದ್ದಬಹುದು, ಹೊಸ ಕಾರ್ಡು ಮಾಡಿಸಿದರಾಯ್ತು. ತಿದ್ದೋಕೆ ಕಷ್ಟವಾದದ್ದು ಇನ್ನೊಂದಿದೆ.

ನಮ್ಮವ್ವ ಸೊಪ್ಪು ಕಲಿತದ್ದು ರಾಗಿ ಹೊಲದಲ್ಲಿ ಕಳೆ ಕೀಳ್ತಾ. ಬೇಡದ್ದನ್ನ ಬದುವಿಗೆ ಎಸೀತಾ, ಬೇಕಾದ್ದನ್ನ ಮಡಿಲಿಗೆ ಹಾಕ್ಕೊಳ್ತಾ ಹೆಂಗಸರು ಸಾಲು ಮುಗಿಸೋರು. ಸಂಜೆಗೆ ಹೊಲವೂ ಹಸನು, ಸಾರಿಗೂ ಆಯ್ತು. ಈಗ ರಾಗಿಗೆ ಟೂ-ಫೋರ್-ಡಿ ಹೊಡೆಸ್ತಾರೆ. ಅದು ಹುಲ್ಲಿನ ಜಾತಿಯ ಬೆಳೆ ಬಿಟ್ಟು ಅಗಲ ಎಲೆಯ ಗಿಡಗಳನ್ನ ಕೊಲ್ಲೋ ಕಳೆನಾಶಕ. ರಾಗಿ ಹುಲ್ಲಿನ ಜಾತಿ, ಉಳಿಯುತ್ತೆ. ಅಣ್ಣೆ, ಕೀರೆ, ಗಣಿಕೆ, ಕೊಮ್ಮೆ ಎಲ್ಲ ಅಗಲ ಎಲೆಯವು. ಶಿಬಿರದ ಕಾರ್ಡುಗಳನ್ನೇ ಮುಂದಿಟ್ಟುಕೊಂಡು ತಯಾರಿಸಿದ ಹಾಗಿದೆ! ಹೊಡೆಸೋರನ್ನ ಬೈಯೋ ಯೋಗ್ಯತೆ ನನಗಿಲ್ಲ. ಕಳೆಗೆ ಆಳು ಸಿಗಲ್ಲ, ಊರು ಬಿಟ್ಟು ಬಂದೋನು ನಾನೇ.

ಶಿಬಿರ ಮುಗಿದ ಮುಂದಿನ ವಾರ ಅಕ್ಕನ ಮಗ ನಮ್ಮೂರಿಗೆ ಬಂದ. ಬೆಳಿಗ್ಗೆ ಎದ್ದು ಒಬ್ಬನೇ ಹೋಗಿ ಒಂದು ಚೀಲ ಸೊಪ್ಪು ಕಿತ್ತು ತಂದ. ಎಲ್ಲ ಸರಿಯಾದ ಸೊಪ್ಪೇ, ಎಳೆಯದೇ. ಫೋನಿನ ಆಪ್‌ನಲ್ಲೂ ನೋಡಿದ್ದನಂತೆ. ಅವ್ವ ಚೀಲದೊಳಗೆ ಕೈ ಹಾಕೋ ಮೊದಲೇ ಕೇಳಿದ್ದು ಒಂದೇ: “ಯಾವ ಹೊಲದ್ದಪ್ಪಾ ಇದು?” ಅವನು ದಿಕ್ಕು ತೋರಿಸಿದ. ಅಲ್ಲಿ ಹಿಂದಿನ ದಿನವಷ್ಟೇ ಔಷಧಿ ಹೊಡೆದಿದ್ದರು. ಹೊಡೆದ ಮಾರನೇ ದಿನ ಗಿಡ ಇನ್ನೂ ಹಸಿರಾಗೇ ಕಾಣುತ್ತೆ. ಅವ್ವ ಅದನ್ನ ಹಸುವಿಗೂ ಹಾಕಲಿಲ್ಲ, ಗುಂಡಿ ತೋಡಿ ಮುಚ್ಚಿಸಿದಳು. ಹುಡುಗನ ಕೈಯನ್ನ ಸೋಪು ಹಾಕಿ ಎರಡು ಸಲ ತೊಳೆಸಿದಳು.

ಹಾಗಾಗಿ ಶಿಬಿರದೋರಲ್ಲಿ ನನ್ನದೊಂದು ಕೋರಿಕೆ. 15 ಗಿಡ ಬೇಡ, ಐದು ಸಾಕು. ಉಳಿದ ಹೊತ್ತಲ್ಲಿ ಹೊಲದೋರನ್ನ ಕೇಳಿ ಕೀಳೋದನ್ನ ಕಲಿಸಿ: ಏನು ಹೊಡೆದಿದ್ದೀರಿ, ಯಾವಾಗ, ಪಕ್ಕದ ಹೊಲದಲ್ಲಿ? ಚರಂಡಿ ನೀರು ಸೇರೋ ಕೆರೆಯಂಚಲ್ಲಿ ಹೊನಗೊನೆ ಎಷ್ಟೇ ಸೊಂಪಾಗಿದ್ದರೂ ಬಿಟ್ಟು ಬರೋದನ್ನ ಕಲಿಸಿ. ಕಳೆ ಕೀಳೋ ಹೆಂಗಸರೊಬ್ಬರನ್ನ ಕರೆಸಿ, ಉಪನ್ಯಾಸಕರಿಗೆ ಕೊಡೋವಷ್ಟೇ ದುಡ್ಡು ಕೊಡಿ.

ಅಕ್ಕನ ಮಗ ಈಗ ನಮ್ಮ ಹಿತ್ತಲಲ್ಲಿ ಮಾತ್ರ ಕೀಳ್ತಾನೆ. ಅಲ್ಲಿ ಸಿಗೋದು ನಾಲ್ಕೇ ಜಾತಿ.