ಅಮ್ಡಾಲ್–ಗುಸ್ಟಾಫ್‌ಸನ್ ವಿವಾದದಲ್ಲಿ ‘ಅಂಶ’ಶಬ್ದದ ಅರ್ಥ

ಬಹುಸಂಸ್ಕಾರಕಗಳುಳ್ಳ ಗಣಕಯಂತ್ರಗಳ ವೇಗವನ್ನು ಕುರಿತು ಜೀನ್ ಅಮ್ಡಾಲರು 1967ರಲ್ಲಿ ಪ್ರಕಟಿಸಿದ ಲೇಖನವು ಕೆಲವೇ ಪುಟಗಳದು. ಇಂದು ಅವರ ಹೆಸರಿನಿಂದ ಪ್ರಸಿದ್ಧವಾಗಿರುವ ಸೂತ್ರವು ಅದರಲ್ಲಿ ಅಕ್ಷರರೂಪದಲ್ಲಿ ಇಲ್ಲವೇ ಇಲ್ಲ. ತಾತ್ಪರ್ಯವನ್ನು ಸೂತ್ರೀಕರಿಸಿದವರು ಅನಂತರದವರು. ಹಂಚಲಾಗದೆ ಒಂದರ ಹಿಂದೊಂದಾಗಿಯೇ ನಡೆಯತಕ್ಕ ಭಾಗವು ನೂರಕ್ಕೆ 5 ಇದ್ದರೆ, ಸಂಸ್ಕಾರಕಗಳನ್ನು ಎಷ್ಟು ಕೂಡಿಸಿದರೂ ವೇಗವು 20 ಮಡಿಯನ್ನು ಮೀರದೆಂಬುದೇ ಆ ತಾತ್ಪರ್ಯ.

ಜಾನ್ ಗುಸ್ಟಾಫ್‌ಸನ್ನರು 1988ರಲ್ಲಿ ಇದನ್ನು ಆಕ್ಷೇಪಿಸಿದರು. ಸ್ಯಾಂಡಿಯಾ ಪ್ರಯೋಗಶಾಲೆಯ 1024 ಸಂಸ್ಕಾರಕಗಳ ಯಂತ್ರದಲ್ಲಿ 1016ರಿಂದ 1021 ಮಡಿ ವೇಗವು ದೊರೆತುದೇ ಅವರ ಪ್ರಮಾಣ. ಅನುಕ್ರಮಾಂಶವಾದರೋ ನೂರಕ್ಕೆ 0.4ರಿಂದ 0.8. ಪೂರ್ವಸೂತ್ರದಂತೆ 0.4ಕ್ಕೆ ಸುಮಾರು 201 ಮಡಿ ಮಾತ್ರ ಸಲ್ಲಬೇಕು. ಯಂತ್ರವು ದೊಡ್ಡದಾದಂತೆ ಸಮಸ್ಯೆಯನ್ನೂ ದೊಡ್ಡದು ಮಾಡುವುದೇ ರೂಢಿಯೆಂಬ ಅವರ ಮಾತು ಯುಕ್ತವೇ. ಆದರೆ ಸೂತ್ರವು ಬಿದ್ದುಹೋಯಿತೆಂದು ಅದರಿಂದ ಸಿದ್ಧಿಸದು.

ಏಕೆಂದರೆ, ಅಮ್ಡಾಲರ ಅಂಶವು ಒಂದೇ ಸಂಸ್ಕಾರಕವು ದುಡಿಯುವ ಕಾಲದ ಭಾಗ. ಗುಸ್ಟಾಫ್‌ಸನ್ನರದು 1024 ಸಂಸ್ಕಾರಕಗಳು ಕೂಡಿ ದುಡಿದ ಕಾಲದ ಭಾಗ. ವಾಕ್ಛಲಕ್ಕೆ ನೈಯಾಯಿಕರು ಕೊಡುವ ‘ನವಕಂಬಲ’ದ ಉದಾಹರಣೆಯಲ್ಲಿ ಹೊಸತೂ ಒಂಬತ್ತೂ ಒಂದೇ ಶಬ್ದದಲ್ಲಿ ಅಡಗಿರುವಂತೆ ಇಲ್ಲಿಯೂ ಅರ್ಥದ್ವಯವಿದೆ. (ವಂಚನೆಯ ಉದ್ದೇಶವಿಲ್ಲ, ಅಷ್ಟೇ ಭೇದ.) ಎರಡನೆಯ ಅಳತೆಯ 0.4ನ್ನು ಮೊದಲನೆಯದಕ್ಕೆ ತಿರುಗಿಸಿದರೆ ಅದು ಹತ್ತು ಲಕ್ಷದಲ್ಲಿ ಸುಮಾರು 4 ಭಾಗವಾಗುತ್ತದೆ. ಅದನ್ನು ಅಮ್ಡಾಲರ ಸೂತ್ರದಲ್ಲಿಟ್ಟರೆ ಬರುವುದು 1020, ಎಂದರೆ ಗುಸ್ಟಾಫ್‌ಸನ್ನರ ಸೂತ್ರವು ಕೊಡುವ ಸಂಖ್ಯೆಯೇ. ಉಳಿಯುವುದು ಪ್ರಯೋಜನಭೇದ. ನಿಯತಗಾತ್ರದ ಕಾರ್ಯವನ್ನೇ ಬೇಗ ಮುಗಿಸಬೇಕೆನ್ನುವವನಿಗೆ, ಸಮಸ್ಯೆಯನ್ನು ಹಿಗ್ಗಿಸಿ ಪಡೆದ ಈ 1020 ಒದಗಿಬರುವುದಿಲ್ಲ.