ಕೋಟಿಂಗ್ ಕಾಯುವುದೇನು, ಕಾಯಲಾರದ್ದೇನು

ಡೈ ಕಾಸ್ಟಿಂಗ್‌ನಲ್ಲಿ ಸುಮಾರು 680 ಡಿಗ್ರಿ ಸೆಲ್ಸಿಯಸ್ ಕಾವಿನ ಅಲ್ಯೂಮಿನಿಯಂ ದ್ರವ, ಸೆಕೆಂಡಿಗೆ 40 ಮೀಟರ್ ಆಸುಪಾಸಿನ ವೇಗದಲ್ಲಿ ಗೇಟ್ ದಾಟಿ ಎಚ್13 ಉಕ್ಕಿನ ಡೈಯೊಳಗೆ ನುಗ್ಗುತ್ತದೆ. ಎದುರಿಗೆ ಎರಕದಲ್ಲಿ ರಂಧ್ರ ಮೂಡಿಸುವ ಕೋರ್ ಪಿನ್ ಇದ್ದರೆ ಮೊದಲ ಪೆಟ್ಟು ಅದಕ್ಕೇ. ಕಾದ ಅಲ್ಯೂಮಿನಿಯಂ ಉಕ್ಕಿನ ಕಬ್ಬಿಣವನ್ನು ಕರಗಿಸಿಕೊಂಡು ಗಡುಸಾದ ಸಂಯುಕ್ತವಾಗಿ ಮೈಗಂಟುತ್ತದೆ. ಇದೇ ಸೋಲ್ಡರಿಂಗ್. ಒಮ್ಮೆ ಅಂಟು ಹಿಡಿದರೆ ಎರಕದ ಮೈ ಕಿತ್ತುಬರುತ್ತದೆ. ಮಷೀನ್ ನಿಲ್ಲಿಸಿ ಪಿನ್ ಉಜ್ಜದೆ ಗತ್ಯಂತರವಿಲ್ಲ.

ಈ ಅಂಟಿಗೆ ಪಿವಿಡಿ (ಭೌತಿಕ ಆವಿ ಲೇಪನ) ಕೋಟಿಂಗ್ ನಿಜವಾದ ಮದ್ದು. ನಿರ್ವಾತದಲ್ಲಿ ಕೂರಿಸುವ ಕೆಲವೇ ಮೈಕ್ರಾನ್ ದಪ್ಪದ ನೈಟ್ರೈಡ್ ಪದರ ಅಲ್ಯೂಮಿನಿಯಂ ಮತ್ತು ಕಬ್ಬಿಣ ಸೇರದಂತೆ ತಡೆಯುತ್ತದೆ. ಸಾಮಾನ್ಯವಾಗಿ 500 ಡಿಗ್ರಿಯೊಳಗೇ ಕೆಲಸ ಮುಗಿಯುವುದರಿಂದ ಉಕ್ಕಿನ ಗಡಸುತನ ಇಳಿಯದು, ಅಳತೆಯೂ ಕೆಡದು. ಸಾವಿರ ಡಿಗ್ರಿಯ ಸಿವಿಡಿಗೆ (ರಾಸಾಯನಿಕ ಆವಿ ಲೇಪನ) ಈ ಸೌಲಭ್ಯವಿಲ್ಲ. ಬಂಗಾರದ ಬಣ್ಣದ ಟೈಟಾನಿಯಂ ನೈಟ್ರೈಡ್ ಕಾವಿಗೆ ಬೇಗ ಆಕ್ಸೈಡ್ ಆಗುತ್ತದೆ. ಡೈ ಕಾಸ್ಟಿಂಗ್‌ಗೆ ಅಲ್ಯೂಮಿನಿಯಂ ಕ್ರೋಮಿಯಂ ನೈಟ್ರೈಡ್ ಹೆಚ್ಚು ತಾಳಿಕೆಯದು.

ಆದರೆ ಡೈ ಮೈಮೇಲೆ ಬಲೆಯಂತೆ ಹಬ್ಬುವ ಕಾವಿನ ಬಿರುಕನ್ನೂ ಕೋಟಿಂಗ್ ನಿಲ್ಲಿಸುತ್ತದೆ ಎಂಬ ಮಾತನ್ನು ಒಪ್ಪಲಾಗದು. ಪ್ರತಿ ಶಾಟ್‌ಗೂ ಲೋಹ ಕಾಯಿಸುತ್ತದೆ, ಎರಕ ಅಂಟದಿರಲೆಂದು ಹೊಡೆಯುವ ನೀರು ಬೆರೆತ ಸ್ಪ್ರೇ ತಣಿಸುತ್ತದೆ, ದಣಿಯುವುದು ಉಕ್ಕು. ಅಷ್ಟು ತೆಳುವಾದ ಪದರ ಆ ಕಾವನ್ನು ತಡೆಯಲಾರದು. ಉಕ್ಕು ಬಿರಿದಾಗ ಅದೂ ಬಿರಿಯುತ್ತದೆ, ಆ ಸಂದಿನಲ್ಲಿ ಅಲ್ಯೂಮಿನಿಯಂ ಇಳಿದು ಪದರವನ್ನು ಅಡಿಯಿಂದಲೇ ಎಬ್ಬಿಸುತ್ತದೆ.

ಬಿರುಕಿಗೆ ಕೋಟಿಂಗ್ ಒದಗುವುದು ಬಳಸುದಾರಿಯಲ್ಲಿ. ಅಮೆರಿಕದ ಕೊಲೊರಾಡೊ ಸ್ಕೂಲ್ ಆಫ್ ಮೈನ್ಸ್ ಸಂಶೋಧಕರ ಪರೀಕ್ಷೆಗಳಲ್ಲಿ ಅಲ್ಯೂಮಿನಿಯಂ ಕ್ರೋಮಿಯಂ ನೈಟ್ರೈಡ್‌ಗೆ ಎರಕ ಅಂಟಲಿಲ್ಲ. ಕಾರ್ಖಾನೆಯ ಪ್ರಯೋಗದಲ್ಲಿ ಸ್ಪ್ರೇಯನ್ನು ಬಹಳಷ್ಟು ತಗ್ಗಿಸಲು ಸಾಧ್ಯವಾಯಿತು. ಸ್ಪ್ರೇ ಇಳಿದರೆ ಡೈ ಮೈಗೆ ಬೀಳುವ ತಣ್ಣೀರಿನ ಆಘಾತವೂ ಇಳಿಯುತ್ತದೆ. ಈ ವಿದ್ಯೆಯ ದೊಡ್ಡ ಸಾಧನೆ ಇದೇ. ಕೋಟಿಂಗ್ ಮಾಡಿಸಿಯೂ ಹಳೆಯ ಪ್ರಮಾಣದಲ್ಲೇ ಸ್ಪ್ರೇ ಹೊಡೆಯುವವರು ಅರ್ಧ ಲಾಭವನ್ನು ಚೆಲ್ಲಿದಂತೆಯೇ.

ಕಾರಿನ ಚೌಕಟ್ಟಿನ ಭಾಗಗಳಿಗೆ ಈಗ ಕಬ್ಬಿಣ ತೀರ ಕಡಿಮೆಯಿರುವ ಮಿಶ್ರಲೋಹ ಬೇಕು. ಎಡಿಸಿ12ರಂಥ ಸಾಮಾನ್ಯ ಎರಕದ ಮಿಶ್ರಲೋಹಗಳಲ್ಲಿ ಶೇ 1ರ ಹತ್ತಿರವಿರುವ ಕಬ್ಬಿಣವೇ ಅಂಟನ್ನು ಅಷ್ಟಿಷ್ಟು ತಡೆಯುತ್ತಿತ್ತು. ಆ ಆಸರೆ ತಪ್ಪಿದಾಗ ಡೈ ಮೇಲಿನ ಪದರದ ಹೊಣೆ ಹೆಚ್ಚುತ್ತದೆ.

ಟೂಲ್‌ರೂಮ್‌ನವರು ಇಡೀ ಡೈಗೆ ಹಣ ಸುರಿಯಬೇಕಿಲ್ಲ. ಸ್ಪಾರ್ಕ್ ಯಂತ್ರ ಬಿಟ್ಟ ಬಿಳಿ ಪದರವನ್ನು ಪೂರ್ತಿ ತೆಗೆಯಿರಿ, ಎರಕ ಹೊರಬರುವ ದಿಕ್ಕಿನಲ್ಲೇ ಪಾಲಿಶ್ ಮಾಡಿ, ಕೋರ್ ಪಿನ್ ಮತ್ತು ಗೇಟ್ ಎದುರಿನ ಇನ್ಸರ್ಟ್‌ಗಳಿಗೆ ಮೊದಲು ಕೋಟಿಂಗ್ ಮಾಡಿಸಿ.