ಹತ್ತಿ ಬಿಡಿಸಿದ ಕೈಗಳು

ಮಾರ್ಗರೆಟ್ ಮಿಚೆಲ್ ಬರೆದ ‘ಗಾನ್ ವಿತ್ ದ ವಿಂಡ್’ (1936) ಕಾದಂಬರಿಯನ್ನು ಬಹಳ ಮಂದಿ ಪ್ರೇಮಕಥೆಯೆಂದು ಓದುತ್ತಾರೆ. ಗೋಕಾಕದಲ್ಲಿ ಪಾಠ ಹೇಳುವ ನನಗೆ ಅದು ಹತ್ತಿಯ ಕಥೆ. 1861ರಲ್ಲಿ ಅಮೆರಿಕದ ದಕ್ಷಿಣದ ಜಮೀನ್ದಾರರು ಉತ್ತರದವರ ಮೇಲೆ ಯುದ್ಧಕ್ಕೆ ತೊಡೆ ತಟ್ಟುವಾಗ, ನಮ್ಮಲ್ಲಿ ಫಿರಂಗಿ ಕಾರ್ಖಾನೆಯಿಲ್ಲ, ಗಿರಣಿಗಳೂ ಕಡಿಮೆ ಎಂದು ರೆಟ್ ಬಟ್ಲರ್ ಎಚ್ಚರಿಸುತ್ತಾನೆ. ಮಾತು ನಿಜ. ಕಾರ್ಖಾನೆಗಳು ಹೆಚ್ಚಾಗಿ ಉತ್ತರದಲ್ಲಿದ್ದವು. ದಕ್ಷಿಣದ ಹಣವೆಲ್ಲ ಹೊಲದಲ್ಲಿತ್ತು, ಕೊಂಡು ತಂದ ಮನುಷ್ಯರಲ್ಲಿತ್ತು. 1860ರಲ್ಲಿ ಅಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು.

ಕಾದಂಬರಿ ಎಡವುವುದು ಇಲ್ಲಿಯೇ. ಬಡತನ ಬಂದು ಸ್ಕಾರ್ಲೆಟ್ ತಾನೇ ಹತ್ತಿ ಬಿಡಿಸಿದಾಗ ಅವಳ ಒರಟಾದ ಅಂಗೈಗೆ ಲೇಖಕಿ ನಮ್ಮಿಂದ ಕಣ್ಣೀರು ಹಾಕಿಸುತ್ತಾರೆ. ಅದಕ್ಕೂ ಮುಂಚೆ ಬಿಡಿಸಿದ ಕಪ್ಪು ಕೈಗಳ ನೋವು ಅವರಿಗೆ ಕಾಣುವುದಿಲ್ಲ. ಮ್ಯಾಮಿಯ ನಿಷ್ಠೆಯನ್ನು ಹೊಗಳುತ್ತಾರೆ. ಅವಳ ಕೂಲಿಯ ಮಾತೇ ಇಲ್ಲ.

ಆ ಯುದ್ಧದಿಂದ ನಮ್ಮ ಧಾರವಾಡ ಸೀಮೆಯ ಹತ್ತಿಗೂ ಬೆಲೆ ಏರಿತ್ತು, 1865ರಲ್ಲಿ ಯುದ್ಧ ಮುಗಿದ ಮೇಲೆ ಇಳಿಯಿತು. ಗೋಕಾಕ ಫಾಲ್ಸಿನ ಗಿರಣಿ ಬಂದದ್ದು ಆಮೇಲೆ. ಮೂಡಲಗಿ, ಹುಕ್ಕೇರಿ ಕಡೆಯ ಹುಡುಗಿಯರಿಗೆ ಹೊಲದ ಕೂಲಿ ಗೊತ್ತು, ಫಾಲ್ಸಿನವರಿಗೆ ಗಿರಣಿಯ ಪಾಳಿ ಗೊತ್ತು. ಹೊಲಕ್ಕಾಗಲಿ ಗಿರಣಿಗಾಗಲಿ, ದುಡಿದವರನ್ನು ಬಿಟ್ಟು ಕಥೆಯಿಲ್ಲ. ಕಾದಂಬರಿಯನ್ನು ಅವಶ್ಯ ಓದಿರಿ, ಆದರೆ ಆ ಕೈಗಳನ್ನು ಹುಡುಕುತ್ತ ಓದಿರಿ.